ಮಿಸ್ಡ್ ಕಾಲಿಗೆ ಹಾಕಿದ ಲೈನು

ಹೊಸದಾಗಿ ಲೈನ್‌ಮ್ಯಾನ್ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಬಂಟ್ವಾಳದಲ್ಲಿ ನನ್ನನ್ನು ಒಮ್ಮೆ ಕರೆದಿದ್ದರು. ಶಾಲು ಹೊದಿಸಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನ ಮುಂದೆ ನಿಲ್ಲಿಸಿದರು. ನಾನು ಹೆಲ್ಮೆಟ್ಟು, ಗ್ಲೌಸು, ಸೊಂಟದ ಬೆಲ್ಟು ಎಂದು ಪುಸ್ತಕದಲ್ಲಿರುವುದನ್ನೇ ಒಪ್ಪಿಸಿ ಕೆಳಗಿಳಿದೆ. ಹುಡುಗರು ಚಪ್ಪಾಳೆ ಹೊಡೆದರು. ಹೇಳಬೇಕಾದ್ದು ಬೇರೆಯೇ ಇತ್ತು. ಅದನ್ನು ಅಷ್ಟು ಜನರ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಬರೆಯುವಾಗ ಯಾರ ಮುಖವೂ ಕಾಣುವುದಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ನಾನು ಬೆಳ್ತಂಗಡಿಯಲ್ಲಿ ಕಂಬ ಹತ್ತಲು ಕಲಿತವನು. ಆಮೇಲೆ ಮೂಡುಬಿದಿರೆಯಲ್ಲಿ ಕೆಲವು ವರ್ಷ. ಮೊಣಕಾಲು ಸೋತ ಮೇಲೆ ಬಂಟ್ವಾಳ ತಾಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಎಂದು ಕೂರಿಸಿದರು. ಯಾವಾಗ ಯಾವ ಪ್ರಮೋಷನ್ ಸಿಕ್ಕಿತು ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ, ಅದನ್ನು ಬಿಡುವ.

ಕಂಬ ಹತ್ತಲು ಕಲಿಸಿದವರು ಕೊರಗಪ್ಪ ಮೇಸ್ತ್ರಿ. ಒರಟು ಮನುಷ್ಯ. ತಪ್ಪು ಮಾಡಿದರೆ ಕೆಳಗಿನಿಂದಲೇ ಕಲ್ಲು ಬಿಸಾಡುತ್ತಿದ್ದರು. ಆಗ ಮೊಬೈಲ್ ಇರಲಿಲ್ಲ. ಲೈನಿನಲ್ಲಿ ಕೆಲಸ ಇದ್ದರೆ ನಮ್ಮಲ್ಲೊಬ್ಬ ಬಸ್ಸು ಹಿಡಿದು ಸಬ್‌ಸ್ಟೇಷನ್ನಿಗೆ ಹೋಗಬೇಕು, ಆಪರೇಟರನಿಂದ ಎಲ್.ಸಿ. ಬರೆಸಿಕೊಳ್ಳಬೇಕು. ಎಲ್.ಸಿ. ಅಂದರೆ ಲೈನ್ ಕ್ಲಿಯರ್. ಈ ಲೈನಿನ ಕರೆಂಟು ತೆಗೆದಿದ್ದೇನೆ, ನೀನು ಬಂದು ಹೇಳುವ ತನಕ ಹಾಕುವುದಿಲ್ಲ ಎಂದು ಆಪರೇಟರ್ ನಂಬರು ಹಾಕಿ ಕೊಡುವ ಮಾತು. ಹೋದವನು ಅಲ್ಲಿಯೇ ಸ್ವಿಚ್ಚಿನ ಹತ್ತಿರ ಕಾವಲಿಗೆ ಕೂರಬೇಕು. ಕೆಲಸ ಮುಗಿದ ಮೇಲೆ ಇನ್ನೊಬ್ಬ ಚೀಟಿ ಹಿಡಿದುಕೊಂಡು ಹೋಗಬೇಕು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹೋಗುತ್ತಿತ್ತು. ಮೇಸ್ತ್ರಿಗೆ ಬೇರೆ ಕಸುಬಿಲ್ಲ ಎಂದು ನಾವು ಹಿಂದಿನಿಂದ ತಮಾಷೆ ಮಾಡುತ್ತಿದ್ದೆವು. ಅವರು ನಿವೃತ್ತಿಯ ದಿನ ಹತ್ತೂ ಬೆರಳು ಇಟ್ಟುಕೊಂಡೇ ಮನೆಗೆ ಹೋದರು. ಆ ಕಾಲದ ನಮ್ಮವರಲ್ಲಿ ಅದು ದೊಡ್ಡ ಸಂಗತಿ.

ನನ್ನ ಸ್ವಂತ ಪಾಠ ಆದದ್ದು ಮೂಡುಬಿದಿರೆಯಲ್ಲಿ. ಒಂದು ಮದುವೆ ಹಾಲಿನ ಪಕ್ಕದ ಕಂಬದಲ್ಲಿ ಎರಡು ತಂತಿ ಜೋಡಿಸುವ ತುಂಡು, ಜಂಪರ್, ಸುಟ್ಟುಹೋಗಿತ್ತು. ಫ್ಯೂಸು ತೆಗೆದು ಹತ್ತಿದ್ದೆ, ಲೈನು ಸತ್ತಿದೆ ಎಂಬ ಧೈರ್ಯದಲ್ಲಿ ಕೈ ಹಾಕಿದೆ. ಒಳಗೆ ಅಡುಗೆಯವರು ಮಿಕ್ಸಿ ತಿರುಗುವುದಿಲ್ಲವೆಂದು ಜನರೇಟರ್ ಚಾಲೂ ಮಾಡಿದರು. ಅದರ ಕರೆಂಟು ಹಿಂದಕ್ಕೆ ಹರಿದು ನನ್ನ ಲೈನಿಗೇ ಬಂತು. ಬೆಲ್ಟು ಇದ್ದುದರಿಂದ ನೇತಾಡಿಕೊಂಡು ಉಳಿದೆ. ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಲೈನಿನ ಎರಡೂ ಬದಿಗೆ ಅರ್ಥಿಂಗ್ ರಾಡ್ ಸಿಕ್ಕಿಸಿದ್ದರೆ ಎಲ್ಲಿಂದ ಬಂದ ಕರೆಂಟಾದರೂ ನೆಲಕ್ಕೆ ಹೋಗುತ್ತಿತ್ತು. ರಾಡ್ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು.

ರಾಡ್ ಇತ್ತು. ಸ್ಟೋರಿನಲ್ಲಿ ಇತ್ತು. ನಮ್ಮ ಆಗಿನ ಸಾಹೇಬರು ಸಾಮಾನು ಹಾಳಾದರೆ ಉತ್ತರ ಕೊಡಬೇಕಾಗುತ್ತದೆ ಎಂದು ಹೆದರುವ ಜನ. ಇನ್‌ಸ್ಪೆಕ್ಷನ್ನಿನ ದಿನ ರಾಡುಗಳನ್ನು ಹೊರಗೆ ತಂದು ಒರೆಸಿ ಸಾಲಾಗಿ ಇಡುತ್ತಿದ್ದರು. ಆಯುಧಪೂಜೆಗೆ ರಾಡಿಗೂ ಹೆಲ್ಮೆಟ್ಟಿಗೂ ಕುಂಕುಮ ಹಚ್ಚಿ ಗೊಂಡೆಹೂವಿನ ಮಾಲೆ ಹಾಕುತ್ತಿದ್ದೆವು. ಬೂದುಕುಂಬಳ ಒಡೆದು, ಅವಲಕ್ಕಿ ತಿಂದು, ಮಾಲೆ ಸಮೇತ ಎಲ್ಲವನ್ನೂ ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದೆವು. ಮರುದಿನ ಅದೇ ನಾವು ಬರಿಗೈಯಲ್ಲಿ ಕಂಬ ಹತ್ತುತ್ತಿದ್ದೆವು. ಇದರಲ್ಲಿ ವಿಚಿತ್ರ ಉಂಟೆಂದು ನಮಗೆ ಯಾರಿಗೂ ಕಂಡಿರಲಿಲ್ಲ.

ಆಮೇಲೆ ಮೊಬೈಲ್ ಬಂತು. ಬಸ್ಸು ಹಿಡಿಯುವ ಕೆಲಸ ತಪ್ಪಿತು. ಫೋನಿನಲ್ಲೇ ಎಲ್.ಸಿ. ಕೇಳುವುದು, ಫೋನಿನಲ್ಲೇ ಹಿಂದೆ ಕೊಡುವುದು. ನಿಯಮದಲ್ಲಿ, ಹಿಂದೆ ಕೊಡುವಾಗ ಎಲ್.ಸಿ. ನಂಬರು ಹೇಳಬೇಕು, ಜನ ಇಳಿದಿದ್ದಾರೆ, ರಾಡ್ ತೆಗೆದಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು. ಆದರೆ ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗ್ನಲ್ ಸರಿ ಇಲ್ಲ. ರಿಂಗ್ ಆಗುತ್ತದೆ, ಮಾತು ತುಂಡಾಗುತ್ತದೆ. ಹಲೋ ಹಲೋ ಎಂದು ಕೂಗಿ ಕೂಗಿ ಬೇಸತ್ತು, ಯಾರೋ ಒಬ್ಬರು ಈ ದಾರಿ ಕಂಡುಹಿಡಿದರು. ಕೆಲಸ ಮುಗಿದ ಮೇಲೆ ಒಂದು ಮಿಸ್ಡ್ ಕಾಲ್. ಒಂದು ರಿಂಗಿಗೆ ಕಟ್ ಮಾಡುವುದು. ಆಪರೇಟರ್ ಲೈನು ಹಾಕುವುದು. ಯಾರು ಮೊದಲು ಮಾಡಿದರೋ ಗೊತ್ತಿಲ್ಲ, ಒಂದು ಮಳೆಗಾಲ ಕಳೆಯುವುದರೊಳಗೆ ನಾವೆಲ್ಲರೂ ಅದನ್ನೇ ಮಾಡುತ್ತಿದ್ದೆವು. ಸಾಹೇಬರಿಗೂ ಗೊತ್ತಿತ್ತು. ಬೇಗ ಕರೆಂಟು ಬರುತ್ತದೆ, ಜನರ ಫೋನು ಕಡಿಮೆ ಎಂದು ಅವರಿಗೂ ಅದು ಅನುಕೂಲವೇ ಆಗಿತ್ತು.

ಹಮೀದ್ ಮಾಣಿಯ ಕಡೆಯವನು. ನನಗಿಂತ ಹದಿನೈದು ವರ್ಷ ಚಿಕ್ಕವನು. ತಣ್ಣಗಿನ ಮನುಷ್ಯ, ಕೆಲಸದಲ್ಲಿ ಚುರುಕು. ಬೈಗುಳ ತಿಂದರೂ ನಗುತ್ತಿದ್ದ, ಅದಕ್ಕೆ ಇನ್ನಷ್ಟು ಬೈಗುಳ ತಿನ್ನುತ್ತಿದ್ದ. ಹೊಸಬರಿಗೆ ಗಂಟು ಹಾಕಲು ಕಲಿಸುತ್ತಿದ್ದವನು ಅವನೇ. ಅವನ ಮನೆಯ ಅಕ್ಕಿರೊಟ್ಟಿ, ಪತ್ತಿರಿಯನ್ನು ನಾನು ಎಷ್ಟೋ ಸಲ ತಿಂದಿದ್ದೇನೆ.

ಆ ದಿನ ಶುಕ್ರವಾರ. ರಾತ್ರಿಯ ಗಾಳಿಗೆ ಹಲಸಿನ ಕೊಂಬೆ ಬಿದ್ದು ಒಂದು ಕಡೆ ತಂತಿ ಕಡಿದಿತ್ತು. ಹಮೀದನ ಜೊತೆಗಾರನನ್ನು ಸಾಹೇಬರು ಬೇರೆ ದೂರಿಗೆ ಕಳಿಸಿದ್ದರು, ಸ್ಟೋರಿನಿಂದ ಹೊರಗಿದ್ದ ಒಂದೇ ಜೊತೆ ರಾಡ್ ಜೀಪಿನೊಂದಿಗೆ ಆ ಕಡೆ ಹೋಗಿತ್ತು. ಹಮೀದ್ ಒಬ್ಬನೇ ಬೈಕಿನಲ್ಲಿ ಹೋಗಿ ನನಗೆ ಫೋನು ಮಾಡಿದ. ನಾನು ಆ ಲೈನಿನ ದೊಡ್ಡ ಸ್ವಿಚ್ಚು, ಬ್ರೇಕರ್, ತೆಗೆದು ನಂಬರು ಕೊಟ್ಟೆ, ರಿಜಿಸ್ಟರಿನಲ್ಲಿ ಬರೆದೆ. ರಾಡ್ ಉಂಟಾ ಎಂದು ನಾನು ಕೇಳಲಿಲ್ಲ. ಜೊತೆಗೆ ಯಾರಿದ್ದಾರೆ ಎಂದೂ ಕೇಳಲಿಲ್ಲ. ಅವನು ಯಾವಾಗಲೂ ಹೇಳುವುದನ್ನೇ ಹೇಳಿದ.

"ಸಂಜೀವಣ್ಣ, ಇಲ್ಲಿ ಸಿಗ್ನಲ್ ಕಷ್ಟ. ಆದ ಕೂಡ್ಲೆ ಒಂದು ಮಿಸ್ಡ್ ಕಾಲ್ ಕೊಡ್ತೇನೆ, ನೀವು ಹಾಕಿ ಬಿಡಿ."

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ಆಮೇಲೆ ಕೇಳಿ ತಿಳಿದದ್ದು. ಕಡಿದ ತಂತಿಯ ಹತ್ತಿರ ಲೀಲಕ್ಕನ ಹಿಟ್ಟಿನ ಗಿರಣಿ ಇತ್ತು. ಲೀಲಕ್ಕ ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದವಳು. ಬೆಳಿಗ್ಗೆಯಿಂದ ಕರೆಂಟಿಲ್ಲ, ಅಕ್ಕಿ, ಮೆಣಸು ಹಿಡಿದು ಬಂದ ಹೆಂಗಸರು ಜಗಲಿಯಲ್ಲಿ ಕೂತಿದ್ದರು. ತುಂತುರು ಮಳೆ ಇತ್ತೆಂದು ಹಮೀದ್ ಫೋನನ್ನು ಅವಳ ಮೇಜಿನ ಮೇಲಿಟ್ಟು ಹತ್ತಿದ. ತಂತಿ ಜೋಡಿಸಿದ, ಇಳಿದ, ಹಗ್ಗ ಸುತ್ತಿ ಹೆಗಲಿಗೆ ಹಾಕಿದ. ನಂತರ ಗಿರಣಿಯ ಹಿಂದಕ್ಕೆ ಹೋಗಿ ಅಲ್ಲಿನ ಕಂಬ ಹತ್ತಿದ. ಅದರಲ್ಲಿ ತಂತಿ ಕೂರಿಸುವ ಪಿಂಗಾಣಿ ಬಿರುಕು ಬಿಟ್ಟದ್ದು ಮೊದಲ ಕಂಬದ ಮೇಲಿನಿಂದ ಅವನ ಕಣ್ಣಿಗೆ ಬಿದ್ದಿತ್ತು. ಹೇಗೂ ಲೈನು ತೆಗೆದಿದೆ, ಅದನ್ನೂ ಬದಲಾಯಿಸಿ ಹೋಗುವ ಎಂದುಕೊಂಡಿರಬೇಕು. ಹಾಗೆ ಮಾಡದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಲೀಲಕ್ಕ ಕಂಡದ್ದು ಅವನು ಇಳಿದು ಹಗ್ಗ ಸುತ್ತಿದ್ದನ್ನು ಮಾತ್ರ. ಅವನು ಅದೇ ಮೇಜಿನ ಹತ್ತಿರ ನಿಂತು ಒಂದು ರಿಂಗ್ ಕೊಟ್ಟು ಕಟ್ ಮಾಡುವುದನ್ನು, ಎರಡು ನಿಮಿಷದಲ್ಲಿ ಗಿರಣಿ ತಿರುಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ನಮ್ಮ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಇವತ್ತು ಜುಮ್ಮಾ ನಮಾಜಿಗೆ ತಡವಾಗಿ, ರಿಂಗ್ ಕೊಡಲು ಮರೆತು ಹೋದನೆಂದುಕೊಂಡಳು. ಬಟನಿನ ಹಳೆಯ ಫೋನು, ಬೀಗ ಗೀಗ ಏನಿಲ್ಲ. ಕೊನೆಯ ನಂಬರು ನನ್ನದು. ಅವನಿಗೊಂದು ಉಪಕಾರ ಆಗಲಿ ಎಂದು ಒತ್ತಿದಳು, ಕಟ್ ಮಾಡಿದಳು.

ನನ್ನ ಮೇಜಿನ ಮೇಲೆ ಹಮೀದನ ಹೆಸರು ಒಮ್ಮೆ ಹೊಳೆದು ಆರಿತು. ನಾನು ಎದ್ದು ಹೋಗಿ ಬ್ರೇಕರ್ ಹಾಕಿದೆ.

ಮೀಟರಿನ ಮುಳ್ಳು ಜಿಗಿದು, ಬ್ರೇಕರ್ ತಾನಾಗಿ ಬಿದ್ದು ಕರೆಂಟು ಕಡಿಯಿತು. ಇನ್ನೂ ಎಲ್ಲೋ ಕೊಂಬೆ ತಾಗುತ್ತಿರಬೇಕು ಎಂದುಕೊಂಡೆ. ಹಾಗೆ ಬಿದ್ದಾಗ ಇನ್ನೊಮ್ಮೆ ಹಾಕಿ ನೋಡುವುದು ನಮ್ಮ ಎಲ್ಲ ಆಪರೇಟರುಗಳ ಅಭ್ಯಾಸ. ಸಣ್ಣ ಕೊಂಬೆಯಾದರೆ ಸುಟ್ಟು ಬೀಳುತ್ತದೆ, ಲೈನು ನಿಲ್ಲುತ್ತದೆ. ನಾನು ಇನ್ನೊಮ್ಮೆ ಹಾಕಿದೆ. ಈ ಸಲ ನಿಂತಿತು. ಸಮಾಧಾನವಾಗಿ ಕೈ ತೊಳೆದು ಬುತ್ತಿ ಬಿಚ್ಚಿದೆ.

ಈ ಎರಡನೆಯ ಸಲದ ವಿಷಯ ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಮೊದಲ ಸಲಕ್ಕೇ ಅವನು ಕೆಳಗೆ ಬಿದ್ದಿದ್ದನೋ, ಇನ್ನೂ ತಂತಿಯಲ್ಲಿ ಇದ್ದನೋ ನನಗೆ ತಿಳಿಯದು. ತಿಳಿದವರು ಯಾರೂ ಇಲ್ಲ.

ಅವನು ಬಿದ್ದ ಮೇಲಿನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಅದು ಕೂಡ ನಮ್ಮದೇ ತಪ್ಪು. ಗಿರಣಿಯ ಹೆಂಗಸರು, ದಾರಿಯಲ್ಲಿ ಹೋಗುತ್ತಿದ್ದವರು ಓಡಿ ಬಂದರು. ಕರೆಂಟು ಹೊಡೆದವನನ್ನು ಹಸಿ ಮಣ್ಣಿನಲ್ಲಿ ಮಲಗಿಸಿದರೆ ಮೈಯೊಳಗಿನ ಕರೆಂಟು ಇಳಿದು ಹೋಗುತ್ತದೆ ಎಂದು ಯಾರೋ ಹೇಳಿದರು. ನಾಲ್ಕು ಜನ ಸೇರಿ ಗುಂಡಿ ತೋಡಿ, ಅವನನ್ನು ಮಲಗಿಸಿ, ಕುತ್ತಿಗೆಯವರೆಗೆ ಮಣ್ಣು ಎಳೆದರು. ಅಷ್ಟು ಪ್ರೀತಿಯಿಂದ, ಅಷ್ಟು ಗಡಿಬಿಡಿಯಿಂದ ಮಾಡಿದರು. ಎದೆ ಒತ್ತಬೇಕು, ಉಸಿರು ಕೊಡಬೇಕು ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಮಾತು ಬಿಡಿ, ನನಗೂ ಗೊತ್ತಿರಲಿಲ್ಲ. ನಮ್ಮ ಕಚೇರಿಯ ಗೋಡೆಯಲ್ಲಿ ಅದರ ಚಿತ್ರ ಇರುವ ಪಟ ನೇತಾಡುತ್ತಿತ್ತು, ಕೆಳಗೆ ನಿಂತು ಓದಿದವರಿಲ್ಲ. ಕಾಲು ಗಂಟೆ ಕಳೆದ ಮೇಲೆ ಒಬ್ಬ ಪಿಕಪ್ಪಿನವನು ನಿಲ್ಲಿಸಿ, ಮಣ್ಣಿನಿಂದ ಎತ್ತಿ ಬೆಳ್ತಂಗಡಿಯ ಕಡೆಗೆ ಕೊಂಡುಹೋದ. ಅರ್ಧ ದಾರಿಯಲ್ಲೇ ಮೈ ತಣ್ಣಗಾಗಿತ್ತಂತೆ.

ಸಂಜೆಗೆ ಸಾಹೇಬರು ಸಬ್‌ಸ್ಟೇಷನ್ನಿಗೆ ಬಂದರು. ಇವರು ಮೂಡುಬಿದಿರೆಯವರಲ್ಲ, ಬೇರೆ ಸಾಹೇಬರು. ಕೆಟ್ಟವರಲ್ಲ. ಹಮೀದನ ಸುದ್ದಿ ಕೇಳಿ ಅತ್ತ ಕಣ್ಣು ಇನ್ನೂ ಕೆಂಪಾಗಿತ್ತು. ರಿಜಿಸ್ಟರ್ ತೆಗೆದು ನೋಡಿದರು. ಎಲ್.ಸಿ. ಕೊಟ್ಟದ್ದು ಬರೆದಿತ್ತು. ಹಿಂದೆ ಕೊಟ್ಟವರು ಯಾರು, ಹೇಗೆ ಎಂಬ ಕಾಲಂ ಖಾಲಿ ಇತ್ತು. ಮಿಸ್ಡ್ ಕಾಲಿನ ದಿನಗಳಲ್ಲಿ ಆ ಕಾಲಮನ್ನು ನಾವು ಸಂಜೆ ಒಟ್ಟಿಗೆ ತುಂಬಿಸುತ್ತಿದ್ದೆವು. ಬಾಗಿಲು ಮುಂದೆ ಮಾಡಿ ಅವರು ಮೆಲ್ಲಗೆ ಹೇಳಿದರು.

"ಸಂಜೀವ, ಹೋದವ ಹೋದ. ಇದು ಖಾಲಿ ಇದ್ರೆ ನೀನೂ ಹೋಗ್ತೀಯ, ನಾನೂ ಹೋಗ್ತೇನೆ. ಅವನೇ ಮಾತಾಡಿ ಎಲ್.ಸಿ. ವಾಪಸು ಕೊಟ್ಟ ಅಂತ ಬರೆ. ಮತ್ತೆ ಯಾಕೆ ಹತ್ತಿದ ಅಂತ ಅವನನ್ನು ಕೇಳುವವರಿಲ್ಲ."

ನಾನು ಬರೆದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಕ್ಷರ ಬಹಳ ಚೆನ್ನಾಗಿ ಬಂತು.

ವಿಚಾರಣೆಯ ದಿನ ಯಾರೂ ಕರೆಯದೆ ಲೀಲಕ್ಕ ಬಂದಳು. ಆ ಮಿಸ್ಡ್ ಕಾಲ್ ಕೊಟ್ಟದ್ದು ನಾನು ಎಂದಳು. ಮೇಲಿನಿಂದ ಬಂದ ಅಧಿಕಾರಿಗೆ ಅರ್ಥವಾಗಲಿಲ್ಲ. ಮಿಸ್ಡ್ ಕಾಲಿನಲ್ಲಿ ಲೈನು ಹಾಕುವ ಕ್ರಮ ನಮ್ಮಲ್ಲಿ ಇಲ್ಲವಲ್ಲ ಎಂದು ಅವರು ಸಾಹೇಬರ ಮುಖ ನೋಡಿದರು. ಇಲ್ಲ ಎಂದರು ಸಾಹೇಬರು. ಇಲ್ಲದ ಕ್ರಮದ ಬಗ್ಗೆ ಹೇಳಿಕೆ ಬರೆದುಕೊಳ್ಳುವುದು ಹೇಗೆ? ಅಧಿಕಾರಿ ಪೆನ್ನು ಕೆಳಗಿಟ್ಟರು. ಆಗ ಲೀಲಕ್ಕ ನನ್ನ ಕಡೆ ತಿರುಗಿದಳು. ನನ್ನ ಕೈಯಿಂದ ಆದದ್ದು, ನೀವಾದರೂ ಹೇಳಿ ಸಂಜೀವಣ್ಣ ಎಂದು ಕೈ ಮುಗಿದಳು. ಹಮೀದ್ ನನ್ನ ಹತ್ತಿರ ಮಾತಾಡಿದ್ದಾನೆ ಎಂದು ನಾನು ಹೇಳಿದೆ. ಅವಳು ಮುಗಿದ ಕೈ ಇಳಿಸಿ ಹೊರಗೆ ಹೋದಳು. ಆ ವರ್ಷವೇ ಗಿರಣಿ ಮುಚ್ಚಿ ತವರಿಗೆ ಹೋದಳೆಂದು ಆಮೇಲೆ ಕೇಳಿದೆ.

ವರದಿಯಲ್ಲಿ ಮೃತನ ಸ್ವಂತ ಅಜಾಗರೂಕತೆ ಎಂದು ಬಂತು. ಲೈನು ಹಾಕಲು ತಾನೇ ಹೇಳಿ, ಮರೆತು, ಮತ್ತೆ ಕಂಬ ಹತ್ತಿದ ಲೈನ್‌ಮ್ಯಾನ್. ನಮ್ಮ ಸುರಕ್ಷತಾ ಸಪ್ತಾಹದಲ್ಲಿ ಹೊಸಬರಿಗೆ ಅವನ ಉದಾಹರಣೆ ಕೊಡಲು ಶುರು ಮಾಡಿದರು. ಮರೆವಿನಿಂದ ಹೀಗಾಗುತ್ತದೆ ನೋಡಿ ಎಂದು. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ.

ಮಿಸ್ಡ್ ಕಾಲ್ ಆ ದಿನದಿಂದಲೇ ನಿಂತಿತು, ಯಾರೂ ಆದೇಶ ಮಾಡಬೇಕಾಗಲಿಲ್ಲ. ರಾಡುಗಳು ಸ್ಟೋರಿನಿಂದ ಹೊರಗೆ ಬಂದವು. ನಾನು ಉಳಿದ ವರ್ಷಗಳಲ್ಲಿ ಒಂದೇ ಹಟ ಹಿಡಿದೆ. ಕೆಲಸ ಮಾಡಿದವನ ಸ್ವರ ನನ್ನ ಕಿವಿಗೆ ಬೀಳದೆ, ಎಲ್.ಸಿ. ನಂಬರು ಅವನ ಬಾಯಿಂದ ಬಾರದೆ ಲೈನು ಹಾಕುವುದಿಲ್ಲ. ಶಾಸಕರ ಫೋನು ಬಂದರೂ ಹಾಕಲಿಲ್ಲ, ಬೈದರೆ ಬೈಸಿಕೊಂಡೆ. ಬಿದ್ದ ಬ್ರೇಕರನ್ನು ಲೈನು ನೋಡಿ ಬಂದವರ ಮಾತಿಲ್ಲದೆ ಎರಡನೆಯ ಸಲ ಮುಟ್ಟಲಿಲ್ಲ. ಇವಕ್ಕೆ ಬುದ್ಧಿ ಬೇಕಾಗಿಲ್ಲ, ಹತ್ತು ನಿಮಿಷದ ತಾಳ್ಮೆ ಸಾಕು. ನೀವು ಕೂಡ ಇಷ್ಟು ಮಾಡಿ. ಎದೆ ಒತ್ತುವುದನ್ನು ಕಲಿಯಿರಿ, ನಿಮ್ಮ ಲೈನಿನ ಕೆಳಗೆ ಇರುವ ಜನರಿಗೂ ಕಲಿಸಿ. ರಾಡ್ ಕೊಡದ ಸಾಹೇಬರಿಗೆ, ರಾಡ್ ಬರುವ ತನಕ ಹತ್ತುವುದಿಲ್ಲ ಎಂದು ಹೇಳಿ. ಕೆಲಸ ಹೋಗುವುದಿಲ್ಲ. ನಾವು ಹೋಗುತ್ತದೆ ಎಂದುಕೊಂಡೇ ಹತ್ತಿದೆವು.

ಬಂಟ್ವಾಳದಲ್ಲಿ ಶಾಲು ಹೊದಿಸಿಕೊಂಡು ಬಂದ ಮೇಲೆ ನನಗೆ ನಿದ್ದೆ ಸರಿಯಾಗಲಿಲ್ಲ. ಒಂದು ವಾರ ಕೂತು, ನಡೆದದ್ದನ್ನು ನಡೆದ ಹಾಗೆ ಇಲಾಖೆಗೆ ಪತ್ರ ಬರೆದೆ. ಮಿಸ್ಡ್ ಕಾಲ್, ಖಾಲಿ ಕಾಲಂ, ಎರಡು ಸಲ ಹಾಕಿದ ಬ್ರೇಕರ್, ಎಲ್ಲ. ಅಂಚೆಗೆ ಹಾಕುವ ಮೊದಲು ಅದನ್ನು ಹಿಡಿದುಕೊಂಡು ಮಾಣಿಗೆ ಹೋದೆ. ಹಮೀದ್ ಹೋಗಿ ಏಳು ವರ್ಷ ಆಗಿತ್ತು. ಅವನ ಹೆಂಡತಿ ಜುಬೈದಾ ಬಾಗಿಲು ತೆಗೆದಳು. ನೀರು ಕೊಟ್ಟಳು, ಕೂರಲು ಹೇಳಿದಳು. ನಾನು ಪತ್ರ ಕೊಟ್ಟೆ. ನಿಂತುಕೊಂಡೇ ಪೂರ್ತಿ ಓದಿದಳು. ಎರಡನೆಯ ಹಾಳೆಗೆ ಬಂದಾಗ ಒಮ್ಮೆ ಗೋಡೆಗೆ ಕೈ ಇಟ್ಟಳು. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಅರ್ಧ ನನಗೆ ಗೊತ್ತುಂಟು ಅಣ್ಣ," ಎಂದಳು. "ಅವರ ಫೋನು ನನಗೆ ಕೊಟ್ಟಿದ್ರಲ್ಲ, ಅದ್ರಲ್ಲಿ ನೋಡಿದ್ದೇನೆ. ಕೊನೆಗೆ ನಿಮಗೆ ಕಾಲ್ ಹೋದದ್ದು ಉಂಟು, ಅದ್ರಲ್ಲಿ ಮಾತಾಡಿದ್ದು ಒಂದು ಸೆಕೆಂಡೂ ಇಲ್ಲ. ಯಾರಿಗೆ ಹೇಳುದು? ನಿಮ್ಮ ಸೈನ್ ಉಂಟು. ನಾನು ಹೇಳಿದ್ರೆ ಗಂಡನ ಮೇಲಿನ ಪ್ರೀತಿ ಅಂತಾರೆ."

ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಪತ್ರ ಮಡಚಿ ನನ್ನ ಕೈಯಲ್ಲೇ ಇಟ್ಟಳು.

"ನನಗೆ ಹೇಳುದು ಬೇಡ. ಉಮ್ಮನಿಗೆ ಹೇಳಿ. ಅವರು ನಿಮ್ಮನ್ನು ನಂಬಿದ್ದಾರೆ."

ಹಮೀದನ ತಾಯಿ ಒಳಕೋಣೆಯ ಮಂಚದಲ್ಲಿ ಕೂತಿದ್ದರು. ಕಣ್ಣು ಮಂಜು, ಸ್ವರದಿಂದ ನನ್ನ ಗುರುತು ಹಿಡಿದರು. ಮಕ್ಕಳು ಹೇಗಿದ್ದಾರೆ, ಮೊಣಕಾಲು ಹೇಗುಂಟು ಎಂದು ವಿಚಾರಿಸಿದರು. ನಾನು ನೆಲದಲ್ಲಿ ಕೂತು ತುಳುವಿನಲ್ಲಿ ಎಲ್ಲವನ್ನೂ ಹೇಳಿದೆ. ಎರಡನೆಯ ಸಲ ಹಾಕಿದ್ದನ್ನೂ ಹೇಳಿದೆ. ಬಾಗಿಲಿನಲ್ಲಿ ಜುಬೈದಾ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮುಗಿದ ಮೇಲೆ ಉಮ್ಮ ಕೇಳಿದರು.

"ಹಾಗಾದ್ರೆ ಅವ ಮರೆತು ಹತ್ತಿದ್ದಲ್ವಾ?"

"ಅಲ್ಲ ಉಮ್ಮ. ಅವ ಮರೀಲಿಲ್ಲ. ನಾನು ಕೇಳ್ಲಿಲ್ಲ."

ಅವರು ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟು ಅವುಗಳನ್ನೇ ನೋಡುತ್ತ ಕೂತರು.

"ಏಳು ವರ್ಷ ನಮಾಜು ಮುಗಿಸಿ ಕೈ ಎತ್ತಿದಾಗೆಲ್ಲ ಅವನಿಗೆ ಬೈದಿದ್ದೇನೆ," ಎಂದರು. "ಎಂತಕ್ಕೆ ಮರೆತೆ ಮಗನೇ, ನಮ್ಮನ್ನೆಲ್ಲ ಬಿಟ್ಟು ಹೋಗುವಷ್ಟು ಎಂತ ಮರೆವು ಅಂತ. ಇನ್ನು ಅವನ ಹತ್ರ ನಾನು ಎಂತ ಹೇಳ್ಲಿ?"